ವಸಡಿನ ರಕ್ತ, ಕರುಳಿನ ಪಾಲಿಪ್: ಬಾಯಿಯ ಬ್ಯಾಕ್ಟೀರಿಯಾ ಮೇಲೆ ಎಷ್ಟು ತಪ್ಪು ಹೊರಿಸಬಹುದು?

ಪ್ರಶ್ನೆ: ನಮ್ಮಪ್ಪಗ 54 ವರ್ಷ. ಸೇಡಂ ತಾಲ್ಲೂಕಿನ ಹಳ್ಳ್ಯಾಗ ಒಕ್ಕಲುತನ ಮಾಡ್ತಾರ. ಎರಡು ವರ್ಷದಿಂದ ಸಂಡಾಸಕ್ಕ ಹೋದಾಗ ಆಗಾಗ ಕೆಂಪು ರಕ್ತ ಬೀಳ್ತಿತ್ತು. ಮೂಲವ್ಯಾಧಿ ಅಂತ ತಿಳದು ನಾಟಿ ಔಷಧ ಮಾಡಿದ್ವಿ. ಕಡೀಕ ಕಲಬುರಗಿಯೊಳಗ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) ಮಾಡಿಸಿದಾಗ ಒಳಮೂಲವ್ಯಾಧಿ ಜೋಡಿ ಎರಡು ಪಾಲಿಪ್ (ಕರುಳಿನ ಒಳಗೋಡೆ ಮ್ಯಾಲಿನ ಗಂಟು) ಸಿಕ್ಕವು, ಎರಡೂ ತೆಗದಾರ. ಎಡಗಡೆ ಸಿಗ್ಮಾಯ್ಡ್‌ನಾಗ (ದೊಡ್ಡ ಕರುಳಿನ ಕಡೀ ಬಾಗಿನಾಗ) ಇದ್ದದ್ದು 6 ಮಿ.ಮೀ., ಬಯಾಪ್ಸಿಯೊಳಗ ‘ಟ್ಯುಬುಲಾರ್ ಅಡಿನೋಮಾ, ಲೋ ಗ್ರೇಡ್’ ಅಂತ ಬಂದದ. ಬಲಗಡೆ ಇದ್ದದ್ದು 12 ಮಿ.ಮೀ., ‘ಸೆಸೈಲ್ ಸೆರೇಟೆಡ್ ಲೀಷನ್, ಡಿಸ್‌ಪ್ಲೇಸಿಯಾ ಇಲ್ಲ’ ಅಂತ ಬಂದದ. ಅಪ್ಪಗ ಭಾಳ ವರ್ಷದಿಂದ ವಸಡಿನಾಗ ರಕ್ತ ಬರ್ತದ, ಮೂರು ಹಲ್ಲು ತಾವೇ ಬಿದ್ದಾವ. ಮಿಶ್ರಿ ತಿಕ್ಕೋದು, ಬೀಡಿ ಸೇದೋದು ಎರಡೂ ಅದಾವ. ಬಾಯಿಯ ಬ್ಯಾಕ್ಟೀರಿಯಾದಿಂದಲೇ ಕರುಳಿನ ಪಾಲಿಪ್ ಆಗ್ತಾವ ಅಂತ ಮೊಬೈಲ್‌ನಾಗ ಓದಿದೆ. ಖರೇ ಏನು? ಆ್ಯಂಟಿಬಯೋಟಿಕ್ ಕೋರ್ಸ್ ಮಾಡಿಸಬೇಕೇನು? ಮಲದ ‘ಗಟ್ ಟೆಸ್ಟ್’ ಮಾಡಿಸಲೇನು? ನನಗ 28, ತಮ್ಮಗ 25. ನಾವೂ ತೋರಿಸಿಕೊಳ್ಳಬೇಕೇನು?

ಉತ್ತರ: ಬ್ಯಾಕ್ಟೀರಿಯಾ ಆಮೇಲೆ, ಮೊದಲು ರಿಪೋರ್ಟು. ನಿಮ್ಮ ತಂದೆಯವರಿಗೆ ಬಿದ್ದ ರಕ್ತ ಬಹುತೇಕ ಒಳಮೂಲವ್ಯಾಧಿಯದ್ದೇ. 6 ಮಿ.ಮೀ. ಪಾಲಿಪ್ ಕಣ್ಣಿಗೆ ಕಾಣುವಷ್ಟು ರಕ್ತ ಸುರಿಸುವುದು ಅಪರೂಪ, ಬಲಗಡೆಯ ಚಪ್ಪಟೆ ಪಾಲಿಪ್ ಅಂತೂ ಸದ್ದಿಲ್ಲದೆ ಕೂತಿರುವ ಜಾತಿಯದು. ಅಂದರೆ ಮೂಲವ್ಯಾಧಿ ಎಂದು ನೀವು ಅಂದುಕೊಂಡದ್ದು ಸುಳ್ಳಲ್ಲ. ಆದರೆ ಮೂಲವ್ಯಾಧಿ ಇದೆ ಎಂದ ಮಾತ್ರಕ್ಕೆ ಮೇಲೆ ಬೇರೇನೂ ಇಲ್ಲ ಎಂದಾಗುವುದಿಲ್ಲ. ಈ ಸಲ ಆ ರಕ್ತವೇ ನಿಮ್ಮನ್ನು ಪರೀಕ್ಷೆಯವರೆಗೆ ಕರೆತಂದಿತು, ಒಳ್ಳೆಯದಾಯಿತು.

ಎರಡು ಪಾಲಿಪ್‌ಗಳ ದಾರಿ ಬೇರೆ ಬೇರೆ. (ರಿಪೋರ್ಟಿನ ಡಿಸ್‌ಪ್ಲೇಸಿಯಾ ಎಂದರೆ ಕೋಶಗಳು ಕ್ಯಾನ್ಸರ್‌ನತ್ತ ಕೆಡಲು ಶುರುವಾಗಿರುವುದು, ಲೋ ಗ್ರೇಡ್ ಎಂದರೆ ಆ ಕೆಡುಕು ಅಲ್ಪ.) ಅಡಿನೋಮಾ ಎನ್ನುವುದು ಸಾಮಾನ್ಯ ಜಾತಿ. ಕರುಳಿನ ಒಳಪದರದ ಒಂದು ಜೀವಕೋಶದಲ್ಲಿ ಎಪಿಸಿ ಎಂಬ ಜೀನ್ ಕೆಡುತ್ತದೆ, ಆ ಕೋಶ ಅಂಕೆ ಮೀರಿ ಹೆಚ್ಚುತ್ತದೆ, ಮೇಲೆ ಇನ್ನಷ್ಟು ಜೀನ್ ದೋಷಗಳು ಒಂದೊಂದಾಗಿ ಸೇರುತ್ತವೆ. ಸಣ್ಣ ಅಡಿನೋಮಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಬಹಳಷ್ಟು ಅಡಿನೋಮಾಗಳು ಎಂದೂ ಆ ಹಂತಕ್ಕೆ ಹೋಗುವುದೇ ಇಲ್ಲ. ಸೆರೇಟೆಡ್ ಎಂದರೆ ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವುದು. ಇದು ಚಪ್ಪಟೆ, ಮಾಸಲು ಬಣ್ಣ, ಮೇಲೆ ಲೋಳೆಯ ಮುಸುಕು. ಹೆಚ್ಚಾಗಿ ಬಲಗಡೆಯೇ ಇರುತ್ತದೆ. ಹೊಟ್ಟೆ ಸರಿಯಾಗಿ ತೊಳೆಯದಿದ್ದರೆ ನೋಡುವವರ ಕಣ್ಣು ತಪ್ಪಿಸುವುದು ಇದೇ. ನಿಮ್ಮ ತಂದೆಯವರ ವಿಷಯದಲ್ಲಿ ಮುಂದಿನ ತೀರ್ಮಾನಗಳೆಲ್ಲ ನಿಲ್ಲುವುದು ಈ 12 ಮಿ.ಮೀ. ಪಾಲಿಪ್ ಮೇಲೆ.

ಈಗ ನೀವು ಓದಿದ ಸುದ್ದಿಗೆ ಬರುತ್ತೇನೆ. ಅದು ಪೂರ್ತಿ ಸುಳ್ಳಲ್ಲ. ಸುದ್ದಿಯ ಕೇಂದ್ರದಲ್ಲಿರುವುದು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬ ಬಾಯಿಯ ಬ್ಯಾಕ್ಟೀರಿಯಾ. ವಸಡು ಮತ್ತು ಹಲ್ಲಿನ ನಡುವಿನ ಸಂದಿಯಲ್ಲಿ, ಗಾಳಿಯಾಡದ ಜಾಗದಲ್ಲಿ ಇದರ ವಾಸ. ಆರೋಗ್ಯವಂತರ ಬಾಯಲ್ಲೂ ಇರುತ್ತದೆ, ವಸಡಿನ ರೋಗ ಇದ್ದವರಲ್ಲಿ ದಂಡಾಗಿ ಇರುತ್ತದೆ. (ತೊಗರಿ ಬೆಳೆಯುವ ಮನೆಯವರು ನೀವು, ನೆಟೆ ರೋಗದ ಫ್ಯುಸೇರಿಯಂ ಹೆಸರು ಕೇಳಿರುತ್ತೀರಿ. ಎರಡಕ್ಕೂ ನಂಟಿಲ್ಲ. ಅದು ಮಣ್ಣಿನ ಶಿಲೀಂಧ್ರ, ಇದು ಬ್ಯಾಕ್ಟೀರಿಯಾ. ಎರಡೂ ನೂಲುವ ಕದಿರಿನ ಆಕಾರ ಹೊಂದಿರುವುದರಿಂದ ಲ್ಯಾಟಿನ್‌ನಲ್ಲಿ ಒಂದೇ ಮೂಲದ ಹೆಸರು ಬಿದ್ದಿದೆ, ಅಷ್ಟೇ.) ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಇದು ಪಕ್ಕದ ಆರೋಗ್ಯವಂತ ಭಾಗಕ್ಕಿಂತ ಬಹಳ ಹೆಚ್ಚಿದೆ ಎಂದು ಎರಡು ಸಂಶೋಧನಾ ತಂಡಗಳು 2012ರಲ್ಲಿ ಬೇರೆ ಬೇರೆಯಾಗಿ ತೋರಿಸಿದವು. ಆಮೇಲೆ ಹತ್ತಾರು ದೇಶಗಳಲ್ಲಿ ಅದೇ ಕಂಡಿತು. ಪಾರ್ವಿಮೋನಾಸ್ ಮೈಕ್ರಾ, ಪೆಪ್ಟೋಸ್ಟ್ರೆಪ್ಟೋಕಾಕಸ್ ಸ್ಟೊಮ್ಯಾಟಿಸ್ ಮುಂತಾದ ಬಾಯಿಯ ಇತರ ವಾಸಿಗಳೂ ಅದರ ಜೊತೆ ಸಿಕ್ಕವು.

ಬಾಯಿಯಿಂದ ಕರುಳಿಗೆ ದಾರಿ ಯಾವುದು? ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಜೊಲ್ಲು ನಾವೇ ನುಂಗುತ್ತೇವೆ. ಅದರ ಜೊತೆ ಹೋದ ಬ್ಯಾಕ್ಟೀರಿಯಾದ ಬಹುಪಾಲನ್ನು ಜಠರದ ಆಮ್ಲ ಕೊಲ್ಲುತ್ತದೆ, ಸ್ವಲ್ಪ ಉಳಿದು ದಾಟುತ್ತದೆ. ರಕ್ತ ಬರುವ ವಸಡಿನಿಂದ ನೇರ ರಕ್ತನಾಳಕ್ಕೆ ನುಗ್ಗಿ ಹೋಗುವ ದಾರಿಯೂ ಇದೆ. ಇಲಿಗಳ ಪ್ರಯೋಗಗಳಲ್ಲಿ ಆ ದಾರಿಯಿಂದಲೂ ಅದು ಗಡ್ಡೆ ಸೇರಿದೆ. ಜಪಾನಿನ ಒಂದು ತಂಡ 2019ರಲ್ಲಿ ರೋಗಿಗಳ ಜೊಲ್ಲು ಮತ್ತು ಅವರದೇ ಕರುಳಿನ ಗಡ್ಡೆಯನ್ನು ಹೋಲಿಸಿ ನೋಡಿ, 40%ಕ್ಕಿಂತ ಹೆಚ್ಚು ಜನರಲ್ಲಿ ಎರಡೂ ಕಡೆ ಒಂದೇ ತಳಿ ಇದೆ ಎಂದು ತೋರಿಸಿತು. ನೋಡಿದ ರೋಗಿಗಳು ಬರೀ 14. ಸಂಖ್ಯೆ ಸಣ್ಣದು, ಸೂಚನೆ ಮಾತ್ರ ಸ್ಪಷ್ಟ. 2024ರಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚ್ ಕೇಂದ್ರದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಗಡ್ಡೆಯಲ್ಲಿ ಬಾಳುವುದಿಲ್ಲ, ಎಫ್‌ಎನ್‌ಎ ಸಿ2 ಎಂದು ಅವರು ಹೆಸರಿಟ್ಟ ಒಂದು ಗುಂಪು ಮಾತ್ರ ಆಮ್ಲವನ್ನು ತಡೆದುಕೊಂಡು ಅಲ್ಲಿ ನೆಲೆಯೂರುತ್ತದೆ ಎಂದು ಕಂಡುಕೊಂಡರು. ಅವರು ನೋಡಿದ ಗಡ್ಡೆಗಳಲ್ಲಿ ಸುಮಾರು ಅರ್ಧದಲ್ಲಿ ಅದು ಇತ್ತು. ಉಳಿದರ್ಧದಲ್ಲಿ ಇರಲಿಲ್ಲ ಎನ್ನುವುದನ್ನೂ ಗಮನಿಸಿ.

ಗಡ್ಡೆ ಸೇರಿದ ಮೇಲೆ ಅದು ಮಾಡುವ ಕೆಲಸ ಮೂರು ಬಗೆಯದು. ಅದರ ಮೈಮೇಲಿನ ಫ್ಯಾಪ್2 ಎಂಬ ಪ್ರೋಟೀನ್, ಕೆಟ್ಟ ಕೋಶಗಳ ಮೇಲೆ ಹೆಚ್ಚಾಗಿ ಇರುವ ಒಂದು ಸಕ್ಕರೆಯ ಅಣುವನ್ನು ಕೊಂಡಿಯಂತೆ ಹಿಡಿಯುತ್ತದೆ. ಬ್ಯಾಕ್ಟೀರಿಯಾ ಗಡ್ಡೆಯನ್ನು ಹುಡುಕಿಕೊಂಡು ಹೋಗಿ ಅಂಟುವುದು ಹೀಗೆ. ಫ್ಯಾಡ್-ಎ ಎಂಬ ಇನ್ನೊಂದು ಪ್ರೋಟೀನ್ ಕೋಶಕ್ಕೆ ‘ಬೆಳೆ, ಹೆಚ್ಚು’ ಎಂಬ ಸಂಕೇತ ಕೊಡುತ್ತದೆ. ಮೂರನೆಯದಾಗಿ ಅದೇ ಫ್ಯಾಪ್2 ನಮ್ಮ ರಕ್ಷಣಾ ಕೋಶಗಳ ಮೇಲಿನ ಒಂದು ಗುಂಡಿಯನ್ನು ಒತ್ತಿ ಅವುಗಳನ್ನು ಸುಮ್ಮನಾಗಿಸುತ್ತದೆ.

ಇಷ್ಟು ಓದಿದರೆ ಅಪರಾಧಿ ಸಿಕ್ಕ ಎನಿಸುತ್ತದೆ. ತಡೆಯಿರಿ. ಒಣಗಿದ ತೊಗರಿ ಗಿಡದ ಬುಡದಲ್ಲಿ ಗೆದ್ದಲು ಕಂಡರೆ, ಗಿಡ ಒಣಗಿಸಿದ್ದು ಗೆದ್ದಲೋ, ಒಣಗಿದ ಮೇಲೆ ಗೆದ್ದಲು ಬಂತೋ? ಒಕ್ಕಲಿಗರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲೂ ಅದೇ. ಫ್ಯೂಸೋಬ್ಯಾಕ್ಟೀರಿಯಂ ಸಣ್ಣ ಪಾಲಿಪ್‌ಗಳಲ್ಲಿ ಕಡಿಮೆ, ದೊಡ್ಡ ಪಾಲಿಪ್‌ಗಳಲ್ಲಿ ಹೆಚ್ಚು, ಕ್ಯಾನ್ಸರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು. ಪಾಲಿಪ್ ಹುಟ್ಟಿಸುವುದು ಅದೇ ಆಗಿದ್ದರೆ ಮೊದಲ ಹಂತದಲ್ಲೇ ಎದ್ದು ಕಾಣಬೇಕಿತ್ತು. ಹಾಗಾಗಿ ಈ ಕ್ಷೇತ್ರದ ಹಲವರ ಲೆಕ್ಕದಲ್ಲಿ ಇದು ಗಾಡಿ ಹೊಡೆಯುವವನಲ್ಲ, ದಾರಿಯಲ್ಲಿ ಹತ್ತಿಕೊಂಡವನು. ನನ್ನ ಎಣಿಕೆಯೂ ಅದೇ. ಆದರೆ ಹತ್ತಿಕೊಂಡವನು ಸುಮ್ಮನೆ ಕೂರುವುದಿಲ್ಲ, ಎತ್ತಿಗೆ ಬಾರುಕೋಲು ಬೀಸುತ್ತಾನೆ.

ವಸಡಿನ ರೋಗಕ್ಕೂ ಪಾಲಿಪ್‌ಗೂ ನೇರವಾಗಿ ಲೆಕ್ಕ ಹಾಕಿದ ದೊಡ್ಡ ಅಧ್ಯಯನ ಹಾರ್ವರ್ಡ್‌ನವರದು, 2020ರಲ್ಲಿ ಪ್ರಕಟವಾಯಿತು. ವಸಡಿನ ರೋಗ ಇದ್ದವರಲ್ಲಿ ಸೆರೇಟೆಡ್ ಪಾಲಿಪ್ 17%, ಮಾಮೂಲಿ ಅಡಿನೋಮಾ 11% ಹೆಚ್ಚು. ನಾಲ್ಕು ಅಥವಾ ಹೆಚ್ಚು ಹಲ್ಲು ಕಳೆದುಕೊಂಡವರಲ್ಲಿ ಸೆರೇಟೆಡ್ ಪಾಲಿಪ್ 20% ಹೆಚ್ಚು. ಈ ಶೇಕಡಾವಾರು ನೋಡಿ ಬೆಚ್ಚಬೇಡಿ. ವಸಡು ಚೆನ್ನಾಗಿರುವ ನೂರು ಜನರಲ್ಲಿ ಹತ್ತು ಮಂದಿಗೆ ಪಾಲಿಪ್ ಇದೆ ಎಂದು ಇಟ್ಟುಕೊಂಡರೆ, 17% ಹೆಚ್ಚು ಎಂದರೆ ಹತ್ತು ಹೋಗಿ ಹನ್ನೊಂದು–ಹನ್ನೆರಡು ಆಗುತ್ತದೆ, ಇಪ್ಪತ್ತೇಳಲ್ಲ. ಬೀಡಿ, ಸಿಗರೇಟು ಸೆರೇಟೆಡ್ ಪಾಲಿಪ್‌ಗೆ ಇದಕ್ಕಿಂತ ಎಷ್ಟೋ ಗಟ್ಟಿಯಾದ ಕಾರಣ. ನಿಮ್ಮ ತಂದೆಯವರ ಬಾಯಲ್ಲಿ ತಪ್ಪು ಹುಡುಕುವುದಾದರೆ ಮೊದಲು ಬೀಡಿ, ಆಮೇಲೆ ಬ್ಯಾಕ್ಟೀರಿಯಾ.

ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾದಲ್ಲಿ ಹುಟ್ಟಿನ ಹಂತದಲ್ಲೇ ಕೈ ಇರಬಹುದಾದವು ಬೇರೆ ಇವೆ. ಇ-ಕೊಲೈ ಎಲ್ಲರ ಕರುಳಲ್ಲೂ ಇದೆ, ಅದರ ಕೆಲವು ತಳಿಗಳು ಮಾತ್ರ ಕೊಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸುತ್ತವೆ. ಅದು ಜೀವಕೋಶದ ಡಿಎನ್‌ಎಯನ್ನೇ ಗಾಯಗೊಳಿಸುತ್ತದೆ, ಮತ್ತು ಗಾಯದ ಗುರುತು ಬೆರಳಚ್ಚಿನಂತೆ ಉಳಿಯುತ್ತದೆ. ಆ ಗುರುತನ್ನು 2020ರಲ್ಲಿ ಪತ್ತೆ ಮಾಡಿದರು. 2025ರಲ್ಲಿ 11 ದೇಶಗಳ 981 ರೋಗಿಗಳ ಗಡ್ಡೆಗಳ ಡಿಎನ್‌ಎ ಓದಿದಾಗ, 40 ವರ್ಷದೊಳಗೆ ಕ್ಯಾನ್ಸರ್ ಬಂದವರಲ್ಲಿ ಈ ಗುರುತು, 70 ದಾಟಿದ ಮೇಲೆ ಬಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಗಾಯ ಬಾಲ್ಯದಲ್ಲೇ ಆಗಿರಬಹುದು ಎಂಬುದು ಅವರ ಊಹೆ. ಬ್ಯಾಕ್ಟಿರಾಯ್ಡಿಸ್ ಫ್ರಾಜಿಲಿಸ್‌ನ ವಿಷಕಾರಿ ತಳಿಯೂ ಇದೇ ಪಟ್ಟಿಯಲ್ಲಿದೆ. ಇವು ಒಂಟಿಯಾಗಿ ತೇಲುವುದಿಲ್ಲ, ಲೋಳೆಯೊಳಗೆ ಪಾಚಿಯಂತೆ ಪದರ ಕಟ್ಟುತ್ತವೆ. 2014ರ ಒಂದು ಅಧ್ಯಯನದಲ್ಲಿ ಬಲಗಡೆಯ ಗಡ್ಡೆಗಳಲ್ಲಿ 89% ಇಂಥ ಪದರ ಹೊದ್ದಿದ್ದವು, ಎಡಗಡೆಯವುಗಳಲ್ಲಿ 12% ಮಾತ್ರ. ಒಂದೇ ಕರುಳು, ಎರಡು ತುದಿಯಲ್ಲಿ ಎರಡು ಲೋಕ. ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್ ಎಂಬ ಇನ್ನೊಂದಿದೆ. ಇದರ ಬಗ್ಗೆ ವಾದವೇ ಇಲ್ಲ: ಯಾರಿಗಾದರೂ ಜ್ವರ ಬಂದು ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅಥವಾ ಹೃದಯ ಕವಾಟದ ಸೋಂಕಿನಲ್ಲಿ ಈ ಹೆಸರು ಬಂದರೆ (ಹಳೆಯ ರಿಪೋರ್ಟುಗಳಲ್ಲಿ ಬೋವಿಸ್ ಎಂದಿರುತ್ತದೆ) ಅವರಿಗೆ ಕೊಲೊನೋಸ್ಕೋಪಿ ಆಗಲೇಬೇಕು.

ಆ್ಯಂಟಿಬಯೋಟಿಕ್ ವಿಷಯ. ಬೇಡ. ಆಸೆ ಹುಟ್ಟಿಸಿದ್ದು 2017ರ ಒಂದು ಪ್ರಯೋಗ. ಮನುಷ್ಯರ ಗಡ್ಡೆಯನ್ನು ಇಲಿಗಳಲ್ಲಿ ಬೆಳೆಸಿ ಮೆಟ್ರೋನಿಡಜೋಲ್ ಕೊಟ್ಟಾಗ, ಫ್ಯೂಸೋಬ್ಯಾಕ್ಟೀರಿಯಂ ಇದ್ದ ಗಡ್ಡೆಗಳ ಬೆಳವಣಿಗೆ ನಿಧಾನವಾಯಿತು. ಅದು ಇಲಿ, ಅದು ಕ್ಯಾನ್ಸರ್. ನಿಮ್ಮ ತಂದೆಯವರಿಗೆ ಇದ್ದದ್ದು ಪಾಲಿಪ್, ಅದೂ ಈಗಾಗಲೇ ಹೊರಗೆ ಬಂದಿದೆ. ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ 16 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಲೆಕ್ಕದಲ್ಲಿ, 20ರಿಂದ 39ರ ವಯಸ್ಸಿನಲ್ಲಿ ಒಟ್ಟು ಎರಡು ತಿಂಗಳಿಗಿಂತ ಹೆಚ್ಚು ಆ್ಯಂಟಿಬಯೋಟಿಕ್ ತಿಂದವರಿಗೆ ಮುಂದೆ ಅಡಿನೋಮಾ 36% ಹೆಚ್ಚು, 40ರಿಂದ 59ರಲ್ಲಿ ತಿಂದವರಿಗೆ 69% ಹೆಚ್ಚು ಕಂಡಿತು. ಒಂದು ಕೆಟ್ಟ ಜಾತಿಯನ್ನು ಕೊಲ್ಲಲು ಹೊರಟು ಕಳೆನಾಶಕ ಸಿಂಪಡಿಸಿ ಬೆಳೆಯನ್ನೂ ಸುಟ್ಟಂತೆ. ಹಲ್ಲಿನ ಬುಡದಲ್ಲಿ ಕೀವು ಆದಾಗ ದಂತವೈದ್ಯರು ಐದು ದಿನಕ್ಕೆ ಬರೆಯುವ ಮಾತ್ರೆ ಬೇರೆ ವಿಷಯ, ಅದನ್ನು ಹೆದರದೆ ತೆಗೆದುಕೊಳ್ಳಲಿ. ಮೆಟ್ರೋನಿಡಜೋಲ್ ಇದ್ದರೆ ಆ ದಿನಗಳಲ್ಲಿ ಮದ್ಯ ಮುಟ್ಟಬಾರದು.

ಗಟ್ ಟೆಸ್ಟ್‌ಗೆ ಕೊಡುವ ದುಡ್ಡು ಉಳಿಸಿಕೊಳ್ಳಿ. ಮಲದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟು ಎಂದು ಬಣ್ಣದ ಚಿತ್ರ ಬರುತ್ತದೆ. ಆದರೆ ಇಷ್ಟಿದ್ದರೆ ಸರಿ, ಇಷ್ಟಿದ್ದರೆ ತಪ್ಪು ಎಂಬ ಒಪ್ಪಿತ ಮಿತಿಯೇ ಇಲ್ಲ. ರಿಪೋರ್ಟು ಹೇಗೇ ಬಂದರೂ ವೈದ್ಯರು ಮಾಡುವುದರಲ್ಲಿ ಏನೂ ಬದಲಾಗುವುದಿಲ್ಲ. ಪ್ರೊಬಯೋಟಿಕ್ ಕ್ಯಾಪ್ಸೂಲ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ) ಪಾಲಿಪ್ ತಡೆದದ್ದಕ್ಕೆ ಪುರಾವೆ ಇಲ್ಲ. ಮನೆಯ ಮಜ್ಜಿಗೆ ಕುಡಿಯಲಿ, ಔಷಧ ಎಂದಲ್ಲ, ಊಟ ಎಂದು.

ಊಟದ ಮಾತು ಬಂತು. ನಾವು ತಿಂದ ನಾರನ್ನು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಹುಳಿಯಾಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಉರುವಲು, ಉರಿಯೂತವನ್ನೂ ಅದು ತಗ್ಗಿಸುತ್ತದೆ. ನಾರು ಕಡಿಮೆಯಾಗಿ ಕೊಬ್ಬು, ಮಾಂಸ ಹೆಚ್ಚಾದರೆ ಬೇರೆ ಜಾತಿಗಳು ಮೇಲುಗೈ ಪಡೆದು ಪಿತ್ತರಸವನ್ನು ಡಿಆಕ್ಸಿಕೋಲಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ, ಅದು ಒಳಪದರವನ್ನು ಕೆರಳಿಸುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಆಫ್ರಿಕನ್ ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕಾದ 20 ಹಳ್ಳಿಗರು ಎರಡು ವಾರ ತಟ್ಟೆ ಅದಲುಬದಲು ಮಾಡಿದರು. ಅಮೆರಿಕದವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು, ಹಳ್ಳಿಗರದ್ದು 66ರಿಂದ 12ಕ್ಕೆ ಇಳಿಯಿತು. ಹದಿನಾಲ್ಕೇ ದಿನದಲ್ಲಿ ಮೊದಲ ಗುಂಪಿನ ಬ್ಯುಟಿರೇಟ್ ಸುಮಾರು ಎರಡೂವರೆ ಪಟ್ಟಾಯಿತು, ಕರುಳಿನ ಪದರದ ಉರಿಯೂತ ಇಳಿಯಿತು. ಎರಡನೆಯ ಗುಂಪಿನಲ್ಲಿ ತಿರುಗುಮುರುಗು.

ನಮ್ಮ ಭಾಗದ ಹಳೆಯ ಊಟ ಆ ಹಳ್ಳಿಗರ ಊಟಕ್ಕೆ ಹತ್ತಿರ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ನಾರು ಸುಮಾರು 10 ಗ್ರಾಂ, ಸಜ್ಜೆಯಲ್ಲಿ 11ಕ್ಕೂ ಹೆಚ್ಚು, ಬಿಳಿ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ತಲಾ 60 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗೆ 12 ಗ್ರಾಂ ನಾರು ಬಂತು. 40 ಗ್ರಾಂ ಹೆಸರುಕಾಳಿನ ಉಸುಳಿಗೆ 7 ಗ್ರಾಂ. 30 ಗ್ರಾಂ ತೊಗರಿಬೇಳೆಗೆ 3 ಗ್ರಾಂಗೆ ಸ್ವಲ್ಪ ಕಡಿಮೆ (ಇಡೀ ಕಾಳಿನ ಸಿಪ್ಪೆ ಹೋದಾಗಲೇ ಅದರ ನಾರಿನ ದೊಡ್ಡ ಪಾಲು ಹೋಗಿರುತ್ತದೆ). ಪುಂಡಿಪಲ್ಯ, ಮೆಂತ್ಯ, ಬದನೆ, ಸೌತೆ ಎಲ್ಲ ಸೇರಿ 300 ಗ್ರಾಂ ತಿಂದರೆ ಇನ್ನೊಂದು 8–9 ಗ್ರಾಂ. ದಿನದ 30 ಗ್ರಾಂ ಹೀಗೆ ಮನೆಯ ಅಡುಗೆಯಲ್ಲೇ ಆಯಿತು. ಅದೇ ತಟ್ಟೆಯಲ್ಲಿ ರೊಟ್ಟಿ ತೆಗೆದು ಅಷ್ಟೇ ತೂಕದ ಅಕ್ಕಿಯ ಅನ್ನ ಹಾಕಿದರೆ 8 ಗ್ರಾಂಗೂ ಹೆಚ್ಚು ಕಳೆದುಹೋಗುತ್ತದೆ. ಅನ್ನಕ್ಕೆ ತಿರುಗಿದ ಮನೆ ಮರಳಿ ರೊಟ್ಟಿಗೆ ಬರುವುದಾದರೆ ಒಮ್ಮೆಗೇ ಬೇಡ. ವಾರಕ್ಕೆ ಒಂದು ಹೊತ್ತಿನಂತೆ ಹೆಚ್ಚಿಸಿ, ನೀರು ಹೆಚ್ಚು ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆಯುಬ್ಬರ, ಮಲಬದ್ಧತೆ ಬಂದು ಮೂಲವ್ಯಾಧಿಯೇ ಕೆರಳುತ್ತದೆ.

ಆದರೂ ಒಂದು ಕಹಿ ಮಾತು ಹೇಳಲೇಬೇಕು. ಪಾಲಿಪ್ ತೆಗೆಸಿಕೊಂಡ ಸುಮಾರು ಎರಡು ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆ, ನಾರು ಹೆಚ್ಚಿನ ಊಟ ಕೊಟ್ಟು, ಉಳಿದವರನ್ನು ಮಾಮೂಲಿ ಊಟದಲ್ಲೇ ಬಿಟ್ಟು ನಾಲ್ಕು ವರ್ಷ ನೋಡಿದರು, ಫಲಿತಾಂಶ 2000ದಲ್ಲಿ ಬಂತು. ಹೊಸ ಅಡಿನೋಮಾಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಒಂದೇ. ಅದೇ ವರ್ಷ ಗೋಧಿ ಹೊಟ್ಟಿನ ಪ್ರಯೋಗವೂ ಹಾಗೇ ಮುಗಿಯಿತು. ಜೀವಮಾನವಿಡೀ ತಿಂದ ರೊಟ್ಟಿ ಬೇರೆ, 54ರಲ್ಲಿ ಶುರು ಮಾಡಿದ ನಾರು ಬೇರೆ. ರೊಟ್ಟಿ ತಿನ್ನಲು ಸಕ್ಕರೆ ಕಾಯಿಲೆ, ಹೃದಯ, ತೂಕ ಎಂದು ಬೇರೆ ಕಾರಣಗಳೇ ಸಾಕಷ್ಟಿವೆ. ‘ಊಟ ಬದಲಿಸಿದ್ದೇವೆ, ಮತ್ತೆ ಕೊಲೊನೋಸ್ಕೋಪಿ ಯಾಕೆ’ ಎಂಬ ಮಾತು ಮಾತ್ರ ಬಾರದಿರಲಿ.

ಬಾಯಿಗೆ ಬರೋಣ. ಹಲ್ಲು ತಾನಾಗಿ ಬಿದ್ದಿದೆ ಎಂದರೆ ರೋಗ ವಸಡು ದಾಟಿ ಮೂಳೆಗೆ ಇಳಿದಿದೆ. ಇದಕ್ಕೆ ಚಿಕಿತ್ಸೆ ಬೇಕಿರುವುದು ಕರುಳಿಗಾಗಿ ಅಲ್ಲ, ಉಳಿದ ಹಲ್ಲಿಗಾಗಿ. ಕರುಳಿಗೆ ಲಾಭವಾದರೆ ಅದು ಮೇಲಾದಾಯ. ಕಲಬುರಗಿ, ಬೀದರ್ ಎರಡೂ ಕಡೆ ದಂತ ಕಾಲೇಜುಗಳಿವೆ, ವಸಡಿನ ವಿಭಾಗ ಎಂದೇ ಕೇಳಿ. ಅವರು ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಇಳಿಸಿ ಅಳೆಯಬೇಕು. 3 ಮಿ.ಮೀ.ವರೆಗೆ ಸಹಜ. 4, 5 ಎಂದರೆ ಸಂದಿ ಆಳವಾಗಿದೆ. 6 ಮತ್ತು ಮೇಲೆ ಎಂದರೆ ಬ್ರಷ್ಷಾಗಲಿ, ಬಾಯಿ ಮುಕ್ಕಳಿಸುವ ಔಷಧವಾಗಲಿ ತಲುಪದ ಬಾವಿ. ಫ್ಯೂಸೋಬ್ಯಾಕ್ಟೀರಿಯಂ ಮನೆ ಮಾಡುವುದು ಅಲ್ಲೇ. ಅಳೆಯದೆ ಬರೀ ಮೇಲ್ಮೇಲೆ ಬೆಳ್ಳಗೆ ಮಾಡಿ ಕಳಿಸಿದರೆ ಕೆಲಸ ಆಗಲಿಲ್ಲ. ಗಾರೆಯಂತೆ ಗಟ್ಟಿಯಾದ ಕಿಟ್ಟವನ್ನು ವಸಡಿನ ಕೆಳಗೂ, ಬೇರಿನ ಮೇಲೂ ಕೆರೆದು ತೆಗೆಯಬೇಕು. ಸಾಮಾನ್ಯವಾಗಿ ಮರಗಟ್ಟಿಸುವ ಸೂಜಿ ಹಾಕಿ ಎರಡು–ನಾಲ್ಕು ಸಲದಲ್ಲಿ ಮಾಡುತ್ತಾರೆ, ಎರಡು ಮೂರು ತಿಂಗಳ ಬಳಿಕ ಮತ್ತೆ ಅಳೆಯುತ್ತಾರೆ. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ.

‘ಕ್ಲೀನ್ ಮಾಡಿಸಿದರ ಹಲ್ಲು ಸಡ್ಲ ಆಗ್ತಾವ’ ಎಂಬ ಮಾತನ್ನು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂಳೆ ಕರಗಿದ ಹಲ್ಲನ್ನು ಅಷ್ಟು ದಿನ ಹಿಡಿದಿಟ್ಟದ್ದು ಆ ಕಿಟ್ಟವೇ, ಅದು ಹೋದಾಗ ಇದ್ದ ಸಡಿಲ ಗೊತ್ತಾಗುತ್ತದೆ. ವಸಡಿನ ಊತ ಇಳಿದು ಹಲ್ಲು ಉದ್ದ ಕಾಣುವುದು, ತಣ್ಣೀರಿಗೆ ಜುಮ್ಮೆನ್ನುವುದು ಕೆಲವು ವಾರ ಇರುತ್ತದೆ. ಇನ್ನೊಂದು ಗೊಂದಲ ಹಲ್ಲಿನ ಕಂದು ಪಟ್ಟೆಯದು. ಕಲಬುರಗಿ, ಯಾದಗಿರಿ ಕಡೆಯ ಕೆಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಆ ಪಟ್ಟೆ ಅದರಿಂದ. ಅದು ವಸಡಿನ ರೋಗವಲ್ಲ, ಉಜ್ಜಿದರೆ ಹೋಗುವುದೂ ಇಲ್ಲ.

ಮಿಶ್ರಿ ಬಿಡಬೇಕು. ಅದು ಹಲ್ಲುಪುಡಿಯಲ್ಲ, ಹುರಿದ ತಂಬಾಕು. ನೋವು ಕಡಿಮೆಯಾದಂತೆ ಅನಿಸುವುದು ನಿಕೋಟಿನ್‌ನ ಕರಾಮತ್ತು. ತಂಬಾಕು ವಸಡಿನ ರಕ್ತನಾಳವನ್ನು ಸಂಕುಚಿಸುವುದರಿಂದ ರಕ್ತ ಕಡಿಮೆ ಕಂಡು ರೋಗ ಮುಚ್ಚಿಹೋಗುತ್ತದೆ. ಹಾಗಾಗಿ ಬಿಟ್ಟ ಮೊದಲ ವಾರಗಳಲ್ಲಿ ರಕ್ತ ಹೆಚ್ಚಾದಂತೆ ಕಾಣಬಹುದು, ಗಾಬರಿಯಾಗಿ ಮತ್ತೆ ಡಬ್ಬಿ ತೆಗೆಯಬಾರದು. ಮೃದು ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಹಲ್ಲಿನ ನಡುವಿನ ಸಂದಿಗೆ ಸಣ್ಣ ಸಂದಿಬ್ರಷ್. ಬೇವಿನಕಡ್ಡಿ ಬಿಡಲಾಗದಿದ್ದರೆ ಚೆನ್ನಾಗಿ ಅಗಿದು ಕುಂಚದಂತೆ ಮೃದು ಮಾಡಿಕೊಳ್ಳಲಿ, ಆದರೆ ಸಂದಿಗೆ ಅದು ಇಳಿಯದು. ಕ್ಲೋರ್‌ಹೆಕ್ಸಿಡಿನ್ 0.2% ದ್ರಾವಣ 10 ಮಿ.ಲೀ. ದಿನಕ್ಕೆರಡು ಸಲ, ಎರಡು ವಾರ ಸಾಕು. ಹೆಚ್ಚಾದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ಒಮ್ಮೆ ನೋಡಿಸಿ. ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ವಸಡು ವಾಸಿಯಾಗದು. ಕೃತಕ ಕವಾಟ ಇದ್ದವರು ಅಥವಾ ಮೊದಲೊಮ್ಮೆ ಕವಾಟದ ಸೋಂಕು ಆದವರು ಹಲ್ಲು ಕೆರೆಸುವ ಮೊದಲು ವೈದ್ಯರಿಗೆ ಹೇಳಲೇಬೇಕು, ಅವರಿಗೆ ಅರ್ಧ–ಒಂದು ಗಂಟೆ ಮುಂಚೆ ಆ್ಯಂಟಿಬಯೋಟಿಕ್‌ನ ಒಂದೇ ಡೋಸ್ ಬೇಕಾಗುತ್ತದೆ.

ಗ್ಯಾಸಿನ ಮಾತ್ರೆ ಬಗ್ಗೆಯೂ ಒಂದು ಮಾತು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ವರ್ಷಗಟ್ಟಲೆ ತಿನ್ನುವವರ ಕರುಳಲ್ಲಿ ಬಾಯಿಯ ಬ್ಯಾಕ್ಟೀರಿಯಾ ಹೆಚ್ಚು ಸಿಗುತ್ತವೆ, ಆಮ್ಲದ ಕಾವಲು ಸಡಿಲವಾಗುವುದರಿಂದ. ಇದರಿಂದ ಪಾಲಿಪ್ ಆಗುತ್ತದೆ ಎಂದು ಯಾರೂ ಸಾಧಿಸಿಲ್ಲ. ಮೆಡಿಕಲ್ ಅಂಗಡಿಯಿಂದ ತಾನೇ ತಂದು ತಿನ್ನುತ್ತಿದ್ದರೆ ನಿಲ್ಲಿಸುವ ಮಾತಾಡಿ. ಆಸ್ಪಿರಿನ್ ಜೊತೆ ವೈದ್ಯರೇ ಬರೆದಿದ್ದರೆ ಮುಟ್ಟಬೇಡಿ.

ಎಲ್ಲಕ್ಕಿಂತ ಮುಖ್ಯ, ಮುಂದಿನ ಕೊಲೊನೋಸ್ಕೋಪಿಯ ತಾರೀಖು. 10 ಮಿ.ಮೀ. ಅಥವಾ ದೊಡ್ಡ ಸೆರೇಟೆಡ್ ಪಾಲಿಪ್‌ಗೆ ಅಮೆರಿಕ, ಯುರೋಪ್ ಎರಡೂ ಕಡೆಯ ಮಾರ್ಗಸೂಚಿ ಹೇಳುವುದು 3 ವರ್ಷ. 6 ಮಿ.ಮೀ. ಅಡಿನೋಮಾ ಒಂದೇ ಇದ್ದಿದ್ದರೆ 7ರಿಂದ 10 ವರ್ಷ ಬಿಡಬಹುದಿತ್ತು. ಈ ಮೂರು ವರ್ಷ ಸಲ್ಲುವುದು ಮೊದಲ ಪರೀಕ್ಷೆ ಚೆನ್ನಾಗಿ ಆಗಿದ್ದರೆ ಮಾತ್ರ. ರಿಪೋರ್ಟು ತೆಗೆದು ನೋಡಿ: ಸೀಕಮ್‌ವರೆಗೆ, ಅಂದರೆ ದೊಡ್ಡ ಕರುಳು ಶುರುವಾಗುವ ಬಲಗಡೆಯ ತುದಿಯವರೆಗೆ ಹೋಗಿದ್ದಾರೆಯೇ? ಕರುಳು ಎಷ್ಟು ಸ್ವಚ್ಛವಿತ್ತು? ಸ್ವಚ್ಛತೆಗೆ ಕೊಡುವ ಬಾಸ್ಟನ್ ಸ್ಕೋರ್ ಬರೆದಿದ್ದರೆ ಕರುಳಿನ ಬಲ, ನಡು, ಎಡ ಮೂರೂ ಭಾಗಕ್ಕೆ ತಲಾ 2 ಅಥವಾ 3 ಇರಬೇಕು. ಬಲಗಡೆಯ ಪಾಲಿಪ್ ಒಂದೇ ತುಂಡಾಗಿ ಬಂತೋ, ಚೂರುಚೂರಾಗಿಯೋ? ಚೂರಾಗಿದ್ದರೆ ಅಂಚಿನಲ್ಲಿ ಉಳಿದಿರಬಹುದು, ಮೊದಲೇ ನೋಡಬೇಕೇ ಎಂದು ಮಾಡಿದವರನ್ನೇ ಕೇಳಿ. ಸ್ವಚ್ಛತೆ ಸಾಲದು ಎಂದು ಬರೆದಿದ್ದರೆ ಮೂರು ವರ್ಷ ಕಾಯಬಾರದು, ಒಂದು ವರ್ಷದೊಳಗೆ ಮತ್ತೆ ಮಾಡಿಸಬೇಕು.

ಸ್ವಚ್ಛತೆ ಕೆಡುವುದು ನಮ್ಮ ಕಡೆ ಒಂದೇ ರೀತಿ. ಹಿಂದಿನ ಮೂರು ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಎಳ್ಳು, ಪುಂಡಿಪಲ್ಯ, ಕಾಳು, ಪೇರಲ ಬಿಡದಿರುವುದು. ಇಷ್ಟು ಹೊತ್ತು ಹೊಗಳಿದ ಊಟವೇ ಆ ಮೂರು ದಿನ ಶತ್ರು. ಅಗಸಿಯ ಬೀಜ ಕೊಲೊನೋಸ್ಕೋಪ್‌ನ ಹೀರುವ ನಳಿಕೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಸೊಪ್ಪಿನ ಚೂರು ಗೋಡೆಗೆ ಅಂಟಿ ಚಪ್ಪಟೆ ಪಾಲಿಪ್ ಮುಚ್ಚುತ್ತದೆ. ಬಿಳಿ ಅನ್ನ, ಮೊಸರು, ತಿಳಿಸಾರು, ಬಿಳಿ ಬ್ರೆಡ್ ತಿನ್ನಲಿ. ಕಬ್ಬಿಣದ ಮಾತ್ರೆ ಇದ್ದರೆ ವಾರ ಮುಂಚೆಯೇ ನಿಲ್ಲಿಸಬೇಕು, ಅದು ಕರಿ ಮಸಿಯಂತೆ ಬಳಿಯುತ್ತದೆ. ಹಿಂದಿನ ದಿನ ಬರೀ ತಿಳಿ ದ್ರವ: ಸೋಸಿದ ನಿಂಬೆ ಶರಬತ್ತು, ಎಳನೀರು, ಹಾಲಿಲ್ಲದ ಚಹಾ. ಮಜ್ಜಿಗೆ ಆ ದಿನ ಬೇಡ, ಕೆಂಪು ಬಣ್ಣದ ಪಾನೀಯವೂ ಬೇಡ.

ಬೇಧಿಯ ಪುಡಿಯ ದೊಡ್ಡ ಪೊಟ್ಟಣವನ್ನು 2 ಲೀಟರ್ ನೀರಿಗೆ ಹಾಕಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಶುರು ಮಾಡಿ ಎರಡು ಗಂಟೆ ಮುಂಚೆ ಮುಗಿಸಬೇಕು. ಹತ್ತು–ಹದಿನೈದು ನಿಮಿಷಕ್ಕೊಂದು ಲೋಟ. ಎಲ್ಲವನ್ನೂ ಹಿಂದಿನ ರಾತ್ರಿಯೇ ಕುಡಿದು ಮುಗಿಸಿದರೆ ಬೆಳಗಿನೊಳಗೆ ಸಣ್ಣ ಕರುಳಿನ ಹಳದಿ ಲೋಳೆ ಇಳಿದು ಬಲಗಡೆಯನ್ನೇ ಮುಚ್ಚುತ್ತದೆ. ನಿಮಗೆ ನೋಡಬೇಕಾದದ್ದೇ ಬಲಗಡೆ. ಕೊನೆಗೆ ಹೋಗುವುದು ತಿಳಿ ನಿಂಬೆ ಶರಬತ್ತಿನಂತೆ ಇರಬೇಕು, ಕಂದು ಇದ್ದರೆ ಆಸ್ಪತ್ರೆಗೆ ತಲುಪಿದ ಕೂಡಲೇ ಹೇಳಿ. ಸೇಡಂನಿಂದ ಬೆಳಗಿನ ಬಸ್ಸಿನಲ್ಲಿ ಎರಡನೆಯ ಡೋಸ್ ಕುಡಿಯುತ್ತ ಬರಲಾಗದು, ಹಿಂದಿನ ದಿನವೇ ಕಲಬುರಗಿಯಲ್ಲಿ ಬೀಗರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಬೇಸಿಗೆಯಾದರೆ ನೀರಿನ ಕೊರತೆ ಬೇಗ ಆಗುತ್ತದೆ, ಆದ್ದರಿಂದ ಸಾಧ್ಯವಾದರೆ ಏಪ್ರಿಲ್–ಮೇ ತಪ್ಪಿಸಿ. ಸಕ್ಕರೆ ಮಾತ್ರೆ, ರಕ್ತ ತೆಳುಗೊಳಿಸುವ ಮಾತ್ರೆ, ಕಿಡ್ನಿ ತೊಂದರೆ ಯಾವುದಿದ್ದರೂ ತಾರೀಖು ಕೊಡುವಾಗಲೇ ತಿಳಿಸಿ.

ಇನ್ನು ನೀವು ಮತ್ತು ನಿಮ್ಮ ತಮ್ಮ. ತಂದೆ–ತಾಯಿಗೆ ಬರೀ 6 ಮಿ.ಮೀ. ಅಡಿನೋಮಾ ಆಗಿದ್ದರೆ ಮಕ್ಕಳಿಗೆ ವಿಶೇಷ ಪರೀಕ್ಷೆ ಬೇಕಿರಲಿಲ್ಲ. 60ರೊಳಗೆ 10 ಮಿ.ಮೀ. ಮೀರಿದ ಪಾಲಿಪ್ ಬಂದಿರುವುದರಿಂದ ನಿಮ್ಮಿಬ್ಬರಿಗೂ 40ನೇ ವಯಸ್ಸಿಗೆ ಮೊದಲ ಕೊಲೊನೋಸ್ಕೋಪಿ, ಆಮೇಲೆ ಐದು ವರ್ಷಕ್ಕೊಮ್ಮೆ. ನಿಯಮ ಹೀಗಿದೆ: 40, ಅಥವಾ ತಂದೆಯವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಅದು. ನಿಮಗೆ 44ಕ್ಕಿಂತ 40 ಮೊದಲು. ಕಾಕಾ, ಅತ್ತೆ ಇದ್ದರೆ, ಅಂದರೆ ನಿಮ್ಮ ತಂದೆಯವರ ಒಡಹುಟ್ಟಿದವರಿಗೆ, 40 ದಾಟಿದ್ದರೆ ಈಗಲೇ ಹೇಳಿ, ಅವರು ಸಾಲಿನಲ್ಲಿ ನಿಮಗಿಂತ ಮುಂದಿದ್ದಾರೆ. ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಅವರ ಕೈಗೆ ಕೊಡಿ, ‘ಗಂಟು ಇತ್ತಂತ, ತೆಗದಾರಂತ’ ಎಂಬ ಬಾಯಿಮಾತಿನಿಂದ ಯಾವ ವೈದ್ಯರಿಗೂ ಗಾತ್ರ ಗೊತ್ತಾಗುವುದಿಲ್ಲ. ನಿಮ್ಮಿಬ್ಬರಲ್ಲಿ ಯಾರಿಗಾದರೂ 40ರ ಮೊದಲೇ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ, ಮಲವಿಸರ್ಜನೆಯ ರೂಢಿ ಬದಲಾಗಿ ಮೂರು ನಾಲ್ಕು ವಾರ ಹಾಗೇ ಉಳಿದರೆ, ವಯಸ್ಸಿನ ಲೆಕ್ಕ ಬಿಟ್ಟು ತೋರಿಸಿ. ನಿಮ್ಮ ತಂದೆಯವರಿಗೆ ಪಾಲಿಪ್ ತೆಗೆದು ಎರಡು ವಾರ ಆಗಿಲ್ಲದಿದ್ದರೆ ತೆಗೆದ ಜಾಗದಿಂದ ತಡವಾಗಿ ರಕ್ತ ಬರುವ ಸಾಧ್ಯತೆ ಇದ್ದೇ ಇದೆ. ಹೆಪ್ಪುಗಟ್ಟಿದ ರಕ್ತ ಮತ್ತೆ ಮತ್ತೆ ಬಿದ್ದರೆ, ತಲೆ ತಿರುಗಿದರೆ ಅಥವಾ ಹೊಟ್ಟೆ ಬಿಗಿದು ನೋವಾದರೆ ಮೂಲವ್ಯಾಧಿ ಎಂದುಕೊಂಡು ಬೆಳಗಿನವರೆಗೆ ಕಾಯದೆ ತೆಗೆದ ಆಸ್ಪತ್ರೆಗೇ ಕರೆದೊಯ್ಯಿರಿ.